ಮಾಂಸವಿಲ್ಲದ ತಟ್ಟೆಯಲ್ಲಿ ಏನಿದೆ?

ಸಸ್ಯಾಹಾರ ಆರೋಗ್ಯಕ್ಕೆ ಒಳ್ಳೆಯದೇ ಎಂಬ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಅದು ಬೇಗನೆ ಜಾತಿ, ಧರ್ಮ, ಪ್ರಾಣಿದಯೆಗಳ ಕಡೆಗೆ ಹೊರಳಿಬಿಡುತ್ತದೆ. 1847ರಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ ಸಸ್ಯಾಹಾರಿಗಳ ಸಂಘ ಹುಟ್ಟಿದಾಗಲೂ ಅದರ ಹಿಂದೆ ಇದ್ದದ್ದು ನೈತಿಕ ಶ್ರದ್ಧೆಯೇ ಹೊರತು ಪ್ರಯೋಗಾಲಯದ ಪುರಾವೆಯಲ್ಲ. ಪುರಾವೆ ಸಿಗತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೊದಲ ಮಹಾಯುದ್ಧದ ದಿಗ್ಬಂಧನದಲ್ಲಿ ಡೆನ್ಮಾರ್ಕಿಗೆ ಧಾನ್ಯದ ಆಮದು ನಿಂತುಹೋದಾಗ, ಹಂದಿಗಳಿಗೆ ಹಾಕುವ ಧಾನ್ಯವನ್ನು ಜನರೇ ತಿನ್ನಲಿ ಎಂದು ವೈದ್ಯ ಮಿಕೆಲ್ ಹಿಂಡ್‌ಹೀಡೆ ಸರ್ಕಾರಕ್ಕೆ ಸಲಹೆ ಕೊಟ್ಟರು. ತವುಡು ಸೇರಿಸಿದ ರೊಟ್ಟಿ, ಆಲೂಗಡ್ಡೆ, ತರಕಾರಿ, ಸ್ವಲ್ಪ ಹಾಲಿನ ಮೇಲೆ ದೇಶವಿಡೀ ಬದುಕಿದ ಆ ಅವಧಿಯಲ್ಲಿ ರೋಗಗಳಿಂದ ಸಾಯುವವರ ಪ್ರಮಾಣ ಇಳಿಯಿತು. 1920ರಲ್ಲಿ ಅವರು ಇದನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಆಗ ಮದ್ಯವೂ ದುರ್ಲಭವಾಗಿತ್ತು. ಆದ್ದರಿಂದ ಶ್ರೇಯಸ್ಸನ್ನೆಲ್ಲ ಸಸ್ಯಾಹಾರಕ್ಕೇ ಕೊಡಲಾಗದು. ಈ ತೊಡಕು ಈ ಕ್ಷೇತ್ರವನ್ನು ಇಂದಿಗೂ ಬಿಟ್ಟಿಲ್ಲ.

ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ನಡೆಸಿದ ಪ್ರಯೋಗಗಳು ನಮಗೆ ಇನ್ನೂ ಹತ್ತಿರದವು. ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಅವರು ಇಲಿಗಳಿಗೆ ಹಾಕಿ ಬೆಳವಣಿಗೆಯನ್ನು ಅಳೆದರು. ಇಡೀ ಗೋಧಿಯ ಚಪಾತಿ, ಹಾಲು, ಕಾಳು, ಹಸಿ ತರಕಾರಿ, ಅಪರೂಪಕ್ಕೆ ಮಾಂಸವಿದ್ದ ಸಿಖ್ಖರ ಆಹಾರ ತಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಮದ್ರಾಸಿನ ಬಡವರ ಅಕ್ಕಿಯ ಊಟ ತಿಂದವು ಸೊರಗಿದವು. ಸೊರಗಿದ್ದಕ್ಕೆ ಮುಖ್ಯ ಕಾರಣ ಮಾಂಸದ ಕೊರತೆಯಲ್ಲ; ಪಾಲಿಶ್ ಮಾಡಿದ ಅಕ್ಕಿಯ ಜೊತೆಗೆ ಹಾಲು, ಕಾಳು, ಸೊಪ್ಪು ಸಾಲದೆ ಹೋದದ್ದು. ಅದೇ ಕಾಲದಲ್ಲಿ ಮುಂಬೈಯ ಗಿರಣಿ ಕಾರ್ಮಿಕ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡುತ್ತಿದ್ದ ಲೂಸಿ ವಿಲ್ಸ್ ಯೀಸ್ಟ್ ಸತ್ವ ಕೊಟ್ಟು ಅದನ್ನು ಗುಣಪಡಿಸಿದರು. ಆ ಗುಣ ಫೋಲೇಟ್‌ನದು ಎಂದು ಮುಂದೆ ತಿಳಿಯಿತು. ಫೋಲೇಟ್ ಸೊಪ್ಪು, ಕಾಳುಗಳಲ್ಲಿ ಧಾರಾಳವಾಗಿರುವ ವಸ್ತು. ಮಾಂಸ ಬಿಟ್ಟರೆ ಆರೋಗ್ಯ ಬರುತ್ತದೆ, ಮಾಂಸ ತಿಂದರೆ ಬಲ ಬರುತ್ತದೆ ಎಂಬ ಎರಡೂ ಮಾತುಗಳನ್ನು ಈ ಹಳೆಯ ಪ್ರಯೋಗಗಳೇ ಅಲುಗಾಡಿಸಿದ್ದವು. ಮಾಂಸದ ಜಾಗವನ್ನು ಯಾವುದು ತುಂಬಿತು ಎಂಬುದರ ಮೇಲೆ ಫಲ ನಿಂತಿದೆ. ಮುಂದಿನ ನೂರು ವರ್ಷಗಳ ಸಂಶೋಧನೆಯನ್ನು ನಾನು ಓದುವುದು ಈ ಸೂತ್ರ ಹಿಡಿದೇ.

ಪ್ರೋಟೀನಿನ ಕಥೆಯೂ ಇದೇ ದಾರಿ ಹಿಡಿಯಿತು. 1971ರಲ್ಲಿ ಫ್ರಾನ್ಸಿಸ್ ಮೂರ್ ಲಾಪೆ ಬರೆದ ಪುಸ್ತಕ, ಧಾನ್ಯ ಮತ್ತು ಕಾಳನ್ನು ಹೊಂದಿಸಿ ಉಣ್ಣಬೇಕೆಂದು ಪಶ್ಚಿಮದ ಓದುಗರಿಗೆ ಕಲಿಸಿತು; ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಬೇಳೆ ಹುಳಿ ಬಡಿಸುವವರಿಗೆ ಅದು ಹೊಸ ಪಾಠವಲ್ಲ. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಧಾನ್ಯದಲ್ಲಿ ಕಡಿಮೆಯಿದ್ದು ಬೇಳೆಯಲ್ಲಿ ಹೆಚ್ಚಿರುವ ಲೈಸಿನ್ ಎಂಬ ಅಮೈನೋ ಆಮ್ಲ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಭಾರತೀಯರ ಮೇಲೆಯೇ ಅಳೆದು ನೋಡಿದಾಗ ಅಗತ್ಯ ಅದಕ್ಕಿಂತ ಬಹಳ ಹೆಚ್ಚೆಂದು ಕಂಡಿತು. 2007ರ ವರದಿಯಲ್ಲಿ ಅದು 30 ಮಿಲಿಗ್ರಾಂ ಆಯಿತು. ನೀರಾದ ತಿಳಿಸಾರಿನಲ್ಲಿ ತಟ್ಟೆ ತುಂಬ ಅನ್ನ ಕಲಸಿಕೊಂಡರೆ ಹೊಟ್ಟೆ ತುಂಬುತ್ತದೆ, ಈ ಲೆಕ್ಕ ತುಂಬುವುದಿಲ್ಲ.

ದೊಡ್ಡ ಜನಸಮುದಾಯಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು ಬಂದ ಮೇಲೆ ಚಿತ್ರ ಇನ್ನಷ್ಟು ಬಿಡಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯ ಅಡ್ವೆಂಟಿಸ್ಟ್ ಕ್ರೈಸ್ತರಲ್ಲಿ ನಡೆಸಿದ ಅಧ್ಯಯನದ 2013ರ ಫಲಿತಾಂಶದಲ್ಲಿ, 73,308 ಜನರ ಪೈಕಿ ಸಸ್ಯಾಹಾರಿಗಳ ಸಾವಿನ ಪ್ರಮಾಣ ಶೇ. 12ರಷ್ಟು ಕಡಿಮೆಯಿತ್ತು. ಆಕ್ಷೇಪ ಸಹಜವಾಗಿಯೇ ಬಂತು: ಈ ಪಂಥದವರು ಸಿಗರೇಟು, ಮದ್ಯಗಳಿಂದ ದೂರ, ಆಯುಷ್ಯ ಹೆಚ್ಚಲು ಅದೇ ಸಾಕಲ್ಲವೇ? ಹೋಲಿಕೆ ನಡೆದದ್ದು ಅದೇ ಪಂಥದ ಮಾಂಸಾಹಾರಿಗಳ ಜೊತೆಗೆ ಎಂಬುದು ಇದಕ್ಕೆ ಅರ್ಧ ಉತ್ತರ. ಉಳಿದರ್ಧ ಬ್ರಿಟನ್ನಿನಿಂದ ಬಂತು, ಅದು ಅಷ್ಟು ಸಿಹಿಯಾಗಿರಲಿಲ್ಲ. ಅಲ್ಲಿ ಸಸ್ಯಾಹಾರಿಗಳಿಗೂ ಅವರಂತೆಯೇ ಆರೋಗ್ಯಪ್ರಜ್ಞೆಯುಳ್ಳ ಮಾಂಸಾಹಾರಿಗಳಿಗೂ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಕ್ಸ್‌ಫರ್ಡ್ ತಂಡದ 2019ರ ವರದಿ 48,188 ಜನರನ್ನು 18 ವರ್ಷ ಗಮನಿಸಿದ ಫಲ: ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22 ಕಡಿಮೆ, ಪಾರ್ಶ್ವವಾಯು ಶೇ. 20 ಹೆಚ್ಚು. ಸಾವಿರ ಜನರಿಗೆ ಹತ್ತು ವರ್ಷಗಳ ಲೆಕ್ಕ ಹಾಕಿದರೆ ಹೃದ್ರೋಗ ಹತ್ತು ಕಡಿಮೆ, ಪಾರ್ಶ್ವವಾಯು ಮೂರು ಹೆಚ್ಚು. ಲಾಭ ನಷ್ಟಕ್ಕಿಂತ ದೊಡ್ಡದು; ಆದರೆ ನಷ್ಟವನ್ನು ಮುಚ್ಚಿಟ್ಟು ಲಾಭವನ್ನಷ್ಟೇ ಸಾರುವುದು ಪ್ರಾಮಾಣಿಕತೆಯಲ್ಲ.

2017ರಲ್ಲಿ ಅಂಬಿಕಾ ಸತೀಜಾ ಮತ್ತು ಹಾರ್ವರ್ಡ್ ಸಹೋದ್ಯೋಗಿಗಳು ಕೇಳಿದ ಪ್ರಶ್ನೆ ನನಗೆ ಈ ಕ್ಷೇತ್ರದ ನಿಜವಾದ ತಿರುವಾಗಿ ಕಾಣುತ್ತದೆ. ಸಸ್ಯಮೂಲದ ಆಹಾರವನ್ನೇ ಅವರು ಎರಡಾಗಿ ವಿಂಗಡಿಸಿದರು. ಇಡೀ ಧಾನ್ಯ, ಕಾಳು, ಹಣ್ಣು, ತರಕಾರಿ, ಬೀಜಗಳಿಗೆ ಒತ್ತು ಕೊಟ್ಟವರಲ್ಲಿ ಹೃದ್ರೋಗದ ಅಪಾಯ ಇಳಿದಿತ್ತು. ಮೈದಾ, ಸಕ್ಕರೆ, ಸಿಹಿ ಪಾನೀಯಗಳಿಗೆ ಒತ್ತು ಕೊಟ್ಟವರಲ್ಲಿ ಏರಿತ್ತು. ಎರಡೂ ಸಸ್ಯಮೂಲದವೇ! ಸಸ್ಯಾಹಾರಿಗಳು ಇಷ್ಟಿರುವ ಭಾರತದಲ್ಲಿ ಮಧುಮೇಹಿಗಳು ಹತ್ತು ಕೋಟಿ ದಾಟಿದ್ದು ಹೇಗೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ಒಟ್ಟು ಶಕ್ತಿಯ ಸುಮಾರು ಶೇ. 62 ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಮಾಂಸ ತಿನ್ನುವವರ ಮನೆಯಲ್ಲೂ ದಿನದ ಊಟ ಬಹುಪಾಲು ಅನ್ನವೇ. ಎಂದಮೇಲೆ ಈ ಕಾಯಿಲೆಯ ಮಟ್ಟಿಗೆ ಸಸ್ಯಾಹಾರಿ, ಮಾಂಸಾಹಾರಿ ಎಂಬ ಹೆಸರುಪಟ್ಟಿ ನಮ್ಮಲ್ಲಿ ಹೇಳುವುದು ತೀರ ಕಡಿಮೆ.

ಯಾವ ಸೊಪ್ಪು ಕಾಳೂ ತುಂಬಲಾಗದ ಒಂದು ಕೊರತೆ ಮಾತ್ರ ಉಳಿದೇ ಇದೆ, ಅದು ಬಿ12. 1948ರಲ್ಲಿ ಬೇರ್ಪಡಿಸಲಾದ ಈ ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಅದು ನಮಗೆ ದಕ್ಕುವುದು ಹಾಲು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ಹಾಲನ್ನೂ ಬಿಟ್ಟ ವೀಗನ್‌ಗಳಲ್ಲಿ ಅದರ ಕೊರತೆಯನ್ನು 1950ರ ದಶಕದಲ್ಲೇ ಗುರುತಿಸಲಾಗಿತ್ತು. ನಮ್ಮ ಅಜ್ಜಂದಿರು ಮಾತ್ರೆಯಿಲ್ಲದೆ ತೊಂಬತ್ತು ವರ್ಷ ಬಾಳಲಿಲ್ಲವೇ ಎಂದು ಕೇಳುವವರಿದ್ದಾರೆ. ಬಾಳಿದವರು ನೆನಪಿನಲ್ಲಿ ಉಳಿಯುತ್ತಾರೆ, ಬಾಳದವರು ಲೆಕ್ಕಕ್ಕೆ ಸಿಗುವುದಿಲ್ಲ. ಅಳೆದು ನೋಡಿದಲ್ಲಿ ಸಿಕ್ಕ ಉತ್ತರ ಬೇರೆ: ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ತಂಡ ಪರೀಕ್ಷಿಸಿದ ನಡುವಯಸ್ಸಿನ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಬಿ12 ಕಡಿಮೆಯಿತ್ತು, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ. ಗರ್ಭಿಣಿಯಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದರೆ ಹುಟ್ಟಿದ ಮಗುವಿನಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ ಹೆಚ್ಚಿತ್ತು ಎಂದು ಅದೇ ತಂಡ 2008ರಲ್ಲಿ ವರದಿ ಮಾಡಿತು. ಸರ್ಕಾರ ಗರ್ಭಿಣಿಯರಿಗೆ ಹಂಚುವ ಮಾತ್ರೆಯಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಬಿ12 ಇಲ್ಲ. ಅದನ್ನು ಸೇರಿಸುವ ಬಗ್ಗೆ ಆರೋಗ್ಯ ಇಲಾಖೆ ಗಂಭೀರವಾಗಿ ಯೋಚಿಸಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಸಸ್ಯಾಹಾರಿ ಗರ್ಭಿಣಿಯಿದ್ದರೆ ಅವರ ಬಿ12 ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಕೊಡಿಸಿ.