ಕರಗಿಸಬಾರದ ಬೆಳ್ಳಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ಭದ್ರಾವತಿಯಲ್ಲಾಗಲಿ ಹಳೆಯ ಬೆಳ್ಳಿ ನಾಣ್ಯವನ್ನು ಆಭರಣದಂಗಡಿಗೆ ಒಯ್ದರೆ ಅದು ತಕ್ಕಡಿ ಏರುತ್ತದೆ. ತೂಕದ ಬೆಲೆಗೆ ಮಾರಾಟವಾದ ಮೇಲೆ ಕರಗಿ ಕಾಲ್ಗೆಜ್ಜೆಯೋ ಬಟ್ಟಲೋ ಆಗಬಹುದು. ಆಗ ನಾವು ಕಳೆದುಕೊಳ್ಳುವುದು ಬೆಳ್ಳಿಯನ್ನಲ್ಲ, ಒಂದು ಸಾಕ್ಷಿಯನ್ನು.

1871ರಲ್ಲಿ ಜರ್ಮನಿ ಒಂದಾಗುವ ಮೊದಲು ಪ್ರಶ್ಯ, ಬವೇರಿಯ, ಸ್ಯಾಕ್ಸನಿ ಮೊದಲಾದ ರಾಜ್ಯಗಳು ತಮ್ಮ ತಮ್ಮ ಬೆಳ್ಳಿ ಟಾಲರ್‌ಗಳನ್ನು ಟಂಕಿಸುತ್ತಿದ್ದವು. ಸಂಗ್ರಹಕಾರರು ಇಂದಿಗೂ ಅವುಗಳಲ್ಲಿ ಆ ರಾಜ್ಯಗಳ ಕಥೆ ಓದುತ್ತಾರೆ. ನಮ್ಮ ಮಲೆನಾಡಿಗೂ ಅಂಥದೇ ಕಥೆಯಿದೆ.

ಕೆಳದಿ ನಾಯಕರ ಚಿನ್ನದ ಹೊನ್ನಿನ ಒಂದು ಬದಿಯಲ್ಲಿ ಶಿವಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ 'ಶ್ರೀ ಸದಾಶಿವ'. 1763ರಲ್ಲಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಗೆದ್ದ ಹೈದರಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಫಾರಸಿ ಅಕ್ಷರವನ್ನಷ್ಟೇ ಹಾಕಿಸಿದ.

ಟಿಪ್ಪು ತಾಮ್ರದ ಕಾಸುಗಳಲ್ಲಿ ಆನೆಯ ಚಿತ್ರವನ್ನು ಉಳಿಸಿಕೊಂಡರೂ ಚಿನ್ನ, ಬೆಳ್ಳಿಯ ನಾಣ್ಯಗಳಲ್ಲಿ ಚಿತ್ರಗಳನ್ನು ಕೈಬಿಟ್ಟು ಬರಹವನ್ನು ಆರಿಸಿಕೊಂಡ. ಆದರೆ ಆ ಬರಹದಲ್ಲಿ ಅವನ ಹೆಸರೂ ಇಲ್ಲ, ದೆಹಲಿಯ ಮೊಗಲ್ ಬಾದಶಹನ ಹೆಸರೂ ಇಲ್ಲ. ಸುಮಾರು 23 ಗ್ರಾಂ ತೂಗುವ ಎರಡು ರೂಪಾಯಿಯ ಬೆಳ್ಳಿ ನಾಣ್ಯ 'ಹೈದರಿ', ಒಂದು ರೂಪಾಯಿ 'ಇಮಾಮಿ'. ಚಿಲ್ಲರೆಗಳಾದ ಆಬಿದಿ, ಬಾಖರಿ, ಜಾಫರಿ, ಕಾಜಿಮಿಗಳಿಗೆ ಪ್ರವಾದಿ ಮನೆತನದ ಇಮಾಮರ ಹೆಸರುಗಳು. ಚಿನ್ನದ 'ಫಾರೂಖಿ', ತಾಮ್ರದ 'ಉಸ್ಮಾನಿ' ಖಲೀಫರನ್ನು ನೆನೆಯುತ್ತವೆ. ಸುನ್ನಿ ದೊರೆಯೊಬ್ಬ ಶಿಯಾ ಬಾಂಧವರು ವಿಶೇಷವಾಗಿ ಗೌರವಿಸುವ ಹೆಸರುಗಳಿಗೂ ತನ್ನ ಟಂಕಸಾಲೆಯಲ್ಲಿ ಜಾಗ ಕೊಟ್ಟದ್ದು ಗಮನಾರ್ಹ.

1787ರ ಸುಮಾರಿಗೆ ಹಿಜ್ರಿಯ ಬದಲು ಮೌಲೂದಿ ವರ್ಷ ಬಂತು. ಆಗಿನಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದವರಿಗೆ 1216 ಎಂಬುದು 6121 ಆಗಿ ಕಾಣುತ್ತದೆ!

ಹೈದರ್, ಟಿಪ್ಪುವಿನ ಹೆಸರೆತ್ತಿದರೆ ಇಂದು ವಾದಕ್ಕೆ ಇಳಿಯುವವರು ಬಹಳ, ಅವರ ನಾಣ್ಯವನ್ನು ಓದಿದವರು ಕಡಿಮೆ. ಹೊಗಳುವವರಿಗೂ ತೆಗಳುವವರಿಗೂ ಅದು ಸಮಾನ ಸಾಕ್ಷಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಾನಾ ಊರುಗಳಿಂದ ಬಂದವರ ಮನೆಗಳಲ್ಲಿ ನಿಜಾಮರ ಚಾರ್‌ಮಿನಾರ್ ರೂಪಾಯಿಯೂ ಇದ್ದೀತು. ಅದಕ್ಕೂ ಹೇಳಲು ಒಂದು ವಲಸೆಯ ಕಥೆಯಿರುತ್ತದೆ.

ಅಜ್ಜಿಯ ಪೆಟ್ಟಿಗೆಯಲ್ಲಿ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಯಾರಿಂದ, ಯಾವ ಊರಿಂದ ಬಂತೆಂದು ಬರೆದಿಡಿ. ನೆಲದಲ್ಲಿ ಸಿಕ್ಕ ನಿಧಿಯಾದರೆ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮಾರುವ ಮುನ್ನ ಒಮ್ಮೆ ಬಲ್ಲವರಿಗೆ ತೋರಿಸೋಣ.