ಶಾಲೆ ನೋಡಲು ಹೋದವರು ಶಾಸನ ಓದಿದರು

ಹಳ್ಳಿಯೊಂದು ನಗರದೊಳಗೆ ಸೇರಿಹೋದಾಗ ಅದರ ಚರಿತ್ರೆ ಎಲ್ಲಿಗೆ ಹೋಗುತ್ತದೆ? ಮೈಸೂರಿನ ಕೆಸರೆಯನ್ನು ಕಂಡಾಗ ಈ ಪ್ರಶ್ನೆ ಏಳುತ್ತದೆ. ಹಿಂದೆ ಊರಾಚೆಯ ಹಳ್ಳಿಯಾಗಿದ್ದ ಕೆಸರೆ ಇಂದು ನಗರದ ಬಡಾವಣೆ. ಇಂಥ ಹಳ್ಳಿಗಳ ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ನಿಂತಿದ್ದ ಬರಹದ ಕಲ್ಲುಗಳನ್ನು ಓದಿಸಿ ಪುಸ್ತಕಕ್ಕೆ ಏರಿಸುವ ಕಾರ್ಯ ಮೈಸೂರು ಸಂಸ್ಥಾನದಲ್ಲಿ ನೂರು ವರ್ಷಕ್ಕೂ ಹಿಂದೆಯೇ ನಡೆಯಿತು. ಅದರ ಮುಂದಾಳು ಬೆಂಜಮಿನ್ ಲೂಯಿಸ್ ರೈಸ್. ಸ್ವಾರಸ್ಯವೆಂದರೆ, ಮೊದಲಿಗೆ ಅದು ಅವರ ಉದ್ಯೋಗವೇ ಆಗಿರಲಿಲ್ಲ.

ಪಾದ್ರಿಯೊಬ್ಬರ ಮಗನಾದ ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಶಿಕ್ಷಣ ಇಲಾಖೆ ಸೇರಿ ಶಾಲೆಗಳ ಇನ್‌ಸ್ಪೆಕ್ಟರರಾದರು. ತಪಾಸಣೆಗೆಂದು ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಶಾಸನಗಳು ಅವರ ಆಸಕ್ತಿ ಕೆರಳಿಸಿದವು. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಅನುವಾದಿಸುವ ಹೊಣೆ ಅವರಿಗೆ ಬಂತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರಬಂತು. ಬಿಡುವಿನ ಹವ್ಯಾಸ ಕ್ರಮೇಣ ಸರ್ಕಾರಿ ಹುದ್ದೆಯಾಯಿತು.

1886ರಿಂದ 1905ರವರೆಗೆ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಮೈಸೂರು ತಾಲ್ಲೂಕಿನವು 1894ರಲ್ಲಿ ಬಂದ ಮೂರನೆಯ ಸಂಪುಟದಲ್ಲಿವೆ. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಅಚ್ಚು ಹಾಕಿಸಿದರು. ಪಂಡಿತರ ನೆರವಿಲ್ಲದೆ ಇಷ್ಟು ಕೆಲಸ ಸಾಗುತ್ತಿರಲಿಲ್ಲ. ಅರಸರ ಯುದ್ಧಗಳ ಜೊತೆಗೆ ಕೆರೆ ಕಟ್ಟಿಸಿದವರು, ದತ್ತಿ ಬಿಟ್ಟವರು, ತುರು ಕಾಯುತ್ತ ಮಡಿದ ವೀರರು ಹೀಗೆ ಚರಿತ್ರೆಯೊಳಗೆ ಬಂದರು.

1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವರು ಅಶೋಕನ ಶಾಸನಗಳನ್ನು ಗುರುತಿಸಿದರು. ಮೌರ್ಯರ ಆಳ್ವಿಕೆ ಕನ್ನಡ ನಾಡಿನವರೆಗೂ ಹಬ್ಬಿತ್ತೆಂಬುದಕ್ಕೆ ಬಂಡೆಯೇ ಸಾಕ್ಷಿ ನುಡಿಯಿತು. ಹಳಗನ್ನಡದ ಒಲವೂ ಅವರನ್ನು ಬಿಡಲಿಲ್ಲ: ನಾಗವರ್ಮನ ‘ಭಾಷಾಭೂಷಣ’, ಪಂಪನ ಭಾರತ ಅವರ ಸಂಪಾದನೆಯಲ್ಲಿ ಅಚ್ಚಾದವು.

ರೈಸ್ ಹೇಳಿದ್ದೆಲ್ಲ ನಿಲ್ಲಲಿಲ್ಲ. ಗಂಗರ ತಾಮ್ರಪಟಗಳನ್ನು ಅವರು ನಂಬಿದರೆ, ಫ್ಲೀಟ್ ಅವು ಕೂಟಶಾಸನಗಳೆಂದು ವಾದಿಸಿದರು. ಶ್ರವಣಬೆಳಗೊಳದಲ್ಲಿ ರೈಸ್ 144 ಶಾಸನಗಳನ್ನು ಕೊಟ್ಟಿದ್ದರು. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು 1923ರ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಆದರೆ ಮೂಲಪಾಠವೇ ಎಲ್ಲರ ಕೈಗೆ ಸಿಕ್ಕಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು. ತನ್ನ ತೀರ್ಮಾನವನ್ನಷ್ಟೇ ಅಲ್ಲ, ಆಧಾರವನ್ನೂ ಜನರ ಮುಂದಿಡುವುದು ಇತಿಹಾಸಕಾರನ ಧರ್ಮ.

1906ರಲ್ಲಿ ನಿವೃತ್ತರಾದ ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಿತು. ಆದರೂ ಪಾಯ ತೋಡುವಾಗ ಎದ್ದ ಕಲ್ಲು ಮೆಟ್ಟಿಲಾಗಬಹುದು, ಒಗೆಯುವ ಬಂಡೆಯೂ ಆಗಬಹುದು. ಅದರ ಮೇಲೆ ಅಕ್ಷರವಿದೆಯೇ ಎಂದು ಒಮ್ಮೆ ನೋಡುವವರು ಬೇಕು. ಅದಕ್ಕೆ ಪದವಿ ಬೇಕಿಲ್ಲ. ಶಾಲೆ ನೋಡಲು ಹೋದವರೊಬ್ಬರಿಗೆ ಇದ್ದಂಥ ಕುತೂಹಲ ಸಾಕು.