ಕಡ್ಲಿ ಹುಳಿ, ಸುಣ್ಣ, ಸವಳು: ನಮ್ಮ ನೆಲದ ರಸಾಯನ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಪ್ರಯೋಗಾಲಯದ ಕಪಾಟು ಯಾವಾಗ ಬಂತು, ಯಾವ ವರ್ಷ ಎಷ್ಟು ಜನ ಪಾಸಾದರು ಎಂಬುದೆಲ್ಲ ಶಾಲೆಯ ದಾಖಲೆಯಲ್ಲಿಯೇ ಇದೆ. ಅದನ್ನು ಬೇರೆಯವರು ಬರೆಯುತ್ತಾರೆ. ಈ ಶಾಲೆಯಲ್ಲಿ ಕಲಿತು, ಮುಂದೆ ರೋಣ, ನರಗುಂದ, ಗಜೇಂದ್ರಗಡ ಭಾಗದ ಶಾಲೆಗಳಲ್ಲಿಯೇ ವಿಜ್ಞಾನ ಕಲಿಸಿದವನು ನಾನು. ಆಮ್ಲ, ಪ್ರತ್ಯಾಮ್ಲ, ಲವಣ ಎಂಬ ಒಂದು ಪಾಠ. ಲೋಹ, ಅಲೋಹ ಎಂಬ ಇನ್ನೊಂದು ಪಾಠ. ಇವೆರಡನ್ನೂ ವರ್ಷ ವರ್ಷ ಕಲಿಸುತ್ತ ಹೋದಂತೆ, ಇವು ನಮ್ಮ ಮೂರು ತಾಲೂಕಿನ ಚರಿತ್ರೆಯ ಪಾಠಗಳೂ ಹೌದು ಅನ್ನಿಸತೊಡಗಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಭಾಗದ ಲೋಹ ಯಾವುದು ಎಂದು ಕೇಳಿದರೆ ಹುಡುಗರು ಬಂಗಾರ ಎನ್ನುತ್ತಾರೆ. ತಪ್ಪಲ್ಲ. ಗಜೇಂದ್ರಗಡದ ಹತ್ತಿರದ ಸೂಡಿ ಇಂದು ಸಣ್ಣ ಊರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅದು ಕಿಸುಕಾಡು ಎಪ್ಪತ್ತರ ರಾಜಧಾನಿ, ಆಳಿದವಳು ಅಕ್ಕಾದೇವಿ. ಜೋಡುಕಳಸದ ಗುಡಿ, ನಾಗಕುಂಡ ನೋಡಲು ಹೋದವರು, ಅಲ್ಲಿ ಒಂದು ಕಾಲಕ್ಕೆ ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಇತ್ತು ಎಂಬುದನ್ನು ನೆನೆಯಬೇಕು. ಲಕ್ಕುಂಡಿಯ ಲೊಕ್ಕಿ ಗದ್ಯಾಣದ ಹೆಸರು ದೂರದವರೆಗೂ ಹೋಗಿತ್ತು. ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರದ ಕಣ ಆರಿಸುತ್ತಿದ್ದರು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರ ಸುಮಾರಿಗೆ ಆ ಗುಡ್ಡ ಸುತ್ತಿ ವರದಿ ಬರೆದ. ಬಂಗಾರ ಗಾಳಿಗಾಗಲಿ ನೀರಿಗಾಗಲಿ ಜಗ್ಗುವುದಿಲ್ಲ, ಬೇರೆ ಯಾವುದರ ಜೊತೆಗೂ ಸುಲಭವಾಗಿ ಕೂಡುವುದಿಲ್ಲ. ಆದ್ದರಿಂದಲೇ ಮರಳಿನಲ್ಲಿ ಬಂಗಾರವಾಗಿಯೇ ಸಿಗುತ್ತದೆ, ಸಾವಿರ ವರ್ಷದ ಗದ್ಯಾಣ ಇಂದಿಗೂ ಹೊಳೆಯುತ್ತದೆ.

ಆದರೆ ಬಂಗಾರ ರಾಜರ ಚರಿತ್ರೆಗೆ ಸಂಬಂಧಪಟ್ಟದ್ದು. ಒಕ್ಕಲುತನದ ಚರಿತ್ರೆಯನ್ನು ನಡೆಸಿದ ಲೋಹಗಳು ಬೇರೆ ಎರಡು. ಅವನ್ನು ಲೋಹದ ರೂಪದಲ್ಲಿ ನಮ್ಮೂರಲ್ಲಿ ಯಾರೂ ನೋಡಿಲ್ಲ. ಒಂದು ಕ್ಯಾಲ್ಸಿಯಂ, ಇನ್ನೊಂದು ಸೋಡಿಯಂ. ಎರಡೂ ಬಂಗಾರಕ್ಕೆ ತದ್ವಿರುದ್ಧ: ಒಂಟಿಯಾಗಿ ಇರಲಾರವು, ಸದಾ ಮತ್ತೊಂದರ ಜೊತೆ ಕೂಡಿಕೊಂಡೇ ಇರುತ್ತವೆ.

ಮೊದಲು ಹುಳಿಯಿಂದ ಸುರು ಮಾಡೋಣ. ನಮ್ಮ ಎರೆ ಭೂಮಿಯಲ್ಲಿ ಹಿಂಗಾರಿಗೆ ಕಡ್ಲಿ ಬಿತ್ತುತ್ತೇವೆ. ಚಳಿಗಾಲದ ರಾತ್ರಿ ಕಡ್ಲಿ ಹೊಲದ ಮೇಲೆ ತೆಳ್ಳನೆಯ ಬಿಳಿ ಅರಿವೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ತೊಯ್ದ ಅದನ್ನು ಹಿಂಡಿ ಹುಳಿ ತೆಗೆಯುವುದನ್ನು ಹಿರಿಯರು ನೋಡಿರುತ್ತಾರೆ. ಬಾಟಲಿಯಲ್ಲಿ ತುಂಬಿ ಇಟ್ಟರೆ ವರ್ಷವೆಲ್ಲ ಹೊಟ್ಟೆನೋವಿಗೆ, ಅಜೀರ್ಣಕ್ಕೆ ಅದೇ ಔಷಧ. ಕಡ್ಲಿ ಎಲೆಯ ಮೇಲಿನ ಸಣ್ಣ ಕೂದಲುಗಳು ಸ್ರವಿಸುವ ಈ ಹುಳಿಯಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲ. ಕಡ್ಲಿ ಹೊಲದಲ್ಲಿ ಬರಿಗಾಲಲ್ಲಿ ಅಡ್ಡಾಡಿದವರ ಕಾಲು ಯಾಕೆ ಉರಿಯುತ್ತದೆ ಎಂಬುದಕ್ಕೆ ಇದೇ ಉತ್ತರ.

ಸುಣ್ಣದ ಸಂಗತಿ ಇದಕ್ಕಿಂತ ದೊಡ್ಡದು. ಎರೆ ಮಣ್ಣನ್ನು ಆಳಕ್ಕೆ ಅಗೆದರೆ ಬಿಳಿ ಹರಳು ಸಿಗುತ್ತವೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣಗಾರರು ಅದನ್ನು ಭಟ್ಟಿಯಲ್ಲಿ ಸುಡುತ್ತಿದ್ದರು. ಸುಮಾರು 900 ಡಿಗ್ರಿ ಶಾಖಕ್ಕೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಅದೇ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಸುರುಮ ಇಟ್ಟು ಬಂದರೆ, ಬೆಳಗಾಗುವಷ್ಟರಲ್ಲಿ ಗುಡಿಗೆ ತಾನಾಗಿಯೇ ಬಳಿದಿರುತ್ತದೆ ಎಂದು ಭಕ್ತರು ನಂಬುತ್ತಾರೆ. ಆ ನಂಬಿಗೆಯ ವಿಷಯಕ್ಕೆ ನಾನು ಹೋಗುವುದಿಲ್ಲ. ಹೊಸ ವರ್ಷಕ್ಕೆ ದೇವರಿಗೂ ಸುಣ್ಣವೇ ಬೇಕಾಯಿತಲ್ಲ, ಅಷ್ಟು ಸಾಕು.

ಪ್ರತ್ಯಾಮ್ಲವನ್ನು ಕಂಡುಹಿಡಿಯಲು ಲಿಟ್ಮಸ್ ಕಾಗದ ಬರುವ ಮೊದಲೂ ನಮ್ಮ ಮನೆಗಳಲ್ಲಿ ಸೂಚಕ ಇತ್ತು. ಆರತಿ ತಟ್ಟೆಯ ನೀರಿಗೆ ಅರಿಷಿಣ ಹಾಕಿ, ಚೂರು ಸುಣ್ಣ ಕದಡಿದರೆ ಕೆಂಪಾಗುತ್ತದೆ. ಅದಕ್ಕೆ ಕಡ್ಲಿ ಹುಳಿ ಹನಿಸುತ್ತ ಹೋದರೆ ಕೆಂಪು ಹೋಗಿ ಮತ್ತೆ ಹಳದಿ ಬರುತ್ತದೆ. ತಟಸ್ಥೀಕರಣ ಎಂಬ ಬಾಯಿಗೆ ಸಿಗದ ಶಬ್ದವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ತಟ್ಟೆ ತೋರಿಸುವುದು ಲೇಸು ಎಂದು ನನ್ನ ಅನುಭವ.

ಈಗ ಸೋಡಿಯಂ. ಬೆಣ್ಣೆಹಳ್ಳ ನಮ್ಮ ಭಾಗದಲ್ಲಿ ಹರಿದು ಮಲಪ್ರಭೆಗೆ ಸೇರುತ್ತದೆ. ಹೆಸರು ಬೆಣ್ಣೆ, ನೀರು ಸವಳು. ಧಾರವಾಡ ಜಿಲ್ಲೆಯ ಹಳೆಯ ಗೆಜೆಟಿಯರಿನ ಕಾಲಕ್ಕೇ, ಅಂದರೆ 1884ರ ಹೊತ್ತಿಗೇ ಅದರ ನೀರಿಗೆ ಈ ಹೆಸರು ಬಂದಿತ್ತು. ಅಂಥ ನೆಲದ ಉಪ್ಪುಮಣ್ಣನ್ನು ಬಸಿದು ಉಪ್ಪು ತೆಗೆಯುವುದು ಉಪ್ಪಾರರ ಕಸುಬಾಗಿತ್ತು; ಬ್ರಿಟಿಷ್ ಸರಕಾರ ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡ ಮೇಲೆ ಅದು ನಿಂತಿತು. ಅಗಸರು ಅರಿವೆ ಒಗೆಯಲು ಸವಳು ಮಣ್ಣು ತರುತ್ತಿದ್ದರು. ಅದರಲ್ಲಿರುವ ಸೋಡಿಯಂ ಕಾರ್ಬೊನೇಟೇ ಇಂದಿನ ವಾಷಿಂಗ್ ಸೋಡಾ. ಇಷ್ಟನ್ನೆಲ್ಲ ಹೇಳಲು ಕಾರಣವಿದೆ. ಉಪ್ಪನ್ನು ನಮ್ಮ ಹೊಲಕ್ಕೆ ಕಾಲುವೆ ತಂದಿತು ಎಂದು ಹಲವರು ಹೇಳುತ್ತಾರೆ. ಉಪ್ಪು ಮೊದಲೇ ಇತ್ತು. ಅದು ಕೆಳಗೆ ಮಲಗಿತ್ತು, ಅಷ್ಟೇ.

ಕೆಳಗೆ ಒಣಗಿತ್ತು ಎಂಬುದಕ್ಕೆ ನರಗುಂದದ ಹಗೇವುಗಳೇ ಸಾಕ್ಷಿ. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದು ಕಾರ್ಬನ್ ಡೈಆಕ್ಸೈಡ್ ತುಂಬುತ್ತಿತ್ತು, ಹುಳ ಬದುಕುತ್ತಿರಲಿಲ್ಲ. ಮನುಷ್ಯನೂ ಬದುಕುತ್ತಿರಲಿಲ್ಲ. ಆದ್ದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನೆಲ ಹಸಿಯಾಗಿದ್ದರೆ ಯಾರಾದರೂ ಜೋಳ ಹೂಳುತ್ತಿದ್ದರೇ?

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಬಲದಂಡೆ ಕಾಲುವೆ ನವಲಗುಂದ, ನರಗುಂದ, ರೋಣದ ಕಡೆ ಬಂತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಯಾರಿಸಿದರು. ಮಳೆ ನೋಡಿ ಬಿತ್ತುತ್ತಿದ್ದವರು ಕಾಲುವೆ ನೋಡಿ ಬಿತ್ತತೊಡಗಿದರು. ಮೊದಲ ಕೆಲವು ವರ್ಷ ಬೆಳೆ ಚೆನ್ನಾಗಿ ಬಂತು. ಹಲವರ ಮನೆಗೆ ಹೆಂಚು ಹೋಗಿ ಆರ್‌ಸಿಸಿ ಬಂದದ್ದು ಆಗಲೇ.

ಆಮೇಲೆ ಮಣ್ಣಿನ ಪಾಠ ಸುರುವಾಯಿತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಸಿಯಲು ಬಿಡುವುದಿಲ್ಲ. ಕಾಲುವೆ ಬಂತು, ಬಸಿಗಾಲುವೆ ಬೇಕಾದಷ್ಟು ಬರಲಿಲ್ಲ. ಅಂತರ್ಜಲ ಮೇಲೇರಿತು. ಕೆಳಗಿದ್ದ ಉಪ್ಪನ್ನು ಕರಗಿಸಿಕೊಂಡು, ಕಂದೀಲಿನ ಬತ್ತಿಗೆ ಎಣ್ಣೆ ಏರುವಂತೆ ನೀರು ಮೇಲಕ್ಕೆ ಬಂತು. ಬಿಸಿಲಿಗೆ ನೀರು ಆರಿಹೋಯಿತು. ಉಪ್ಪು ಹೊಲದ ಮೇಲೆಯೇ ಉಳಿಯಿತು. ಹಳ್ಳದ ದಂಡೆಗೆ, ತಗ್ಗಿಗೆ ಇದ್ದ ಹೊಲಗಳು ಮೊದಲು ಜವಳಾದವು, ಆಮೇಲೆ ಸವಳಾದವು.

ಇಲ್ಲಿಯೇ ಕ್ಯಾಲ್ಸಿಯಂ ಮತ್ತು ಸೋಡಿಯಂ ನಡುವಿನ ಜಗಳ. ಒಳ್ಳೆಯ ಎರೆ ಮಣ್ಣಿನ ಕಣಗಳನ್ನು ಹಿಡಿದು ಗೂಡಿಸುವುದು ಕ್ಯಾಲ್ಸಿಯಂ. ಅದರಿಂದಲೇ ಮಣ್ಣು ಹರಳು ಹರಳಾಗಿ, ಬೇರಿಗೂ ಗಾಳಿಗೂ ದಾರಿ ಇರುತ್ತದೆ. ಸೋಡಿಯಂ ಬಂದು ಆ ಜಾಗ ಹಿಡಿದರೆ ಕಣಗಳು ಬಿಡಿಬಿಡಿಯಾಗಿ ನೀರಿನಲ್ಲಿ ಕದಡುತ್ತವೆ. ತೊಯ್ದರೆ ರಾಡಿ, ಒಣಗಿದರೆ ಕಲ್ಲು. ಒಳ್ಳೆಯ ಎರೆಯ ಪಿಎಚ್ 8ರ ಆಸುಪಾಸು ಇರುತ್ತದೆ, 8.5 ದಾಟಿದರೆ ಕ್ಷಾರ ಭೂಮಿ. ಹೊಲದ ಮೇಲೆ ಬಿಳಿ ಪುಡಿ ಕಂಡರೆ ಬರೀ ಉಪ್ಪು ಹೆಚ್ಚಾಗಿದೆ ಎಂದು ತಿಳಿಯಬಹುದು. ನೀರು ಕೊಟ್ಟು ಬಸಿದು ತೊಳೆದರೆ ಹೋಗುತ್ತದೆ. ಕರಿ ಎಣ್ಣೆ ಚೆಲ್ಲಿದಂತೆ ಕಂಡರೆ ಸೋಡಿಯಂ ಕಾರ್ಬೊನೇಟು ಮಣ್ಣಿನ ಸತ್ವವನ್ನೇ ಕರಗಿಸಿ ಮೇಲೆ ತಂದಿದೆ ಎಂದರ್ಥ. ಅಂಥ ಮಣ್ಣನ್ನು ನೀರಲ್ಲಿ ಕಲಸಿ ತಿಳಿ ತೆಗೆದು ಅರಿಷಿಣದ ಅರಿವೆಗೆ ಹನಿಸಿದರೆ ಆರತಿಯ ಕೆಂಪೇ ಬರುತ್ತದೆ. ಬಿಳಿ ಸವಳಿಗೆ ಅರಿಷಿಣ ಬದಲಾಗುವುದಿಲ್ಲ.

1980ರ ನರಗುಂದದ ಬಂಡಾಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1858ರ ಬಾಬಾಸಾಹೇಬನ ಬಂಡಾಯ, ಅವನ ತೋಪು, ಮದ್ದು, ಎಲ್ಲರಿಗೂ ಗೊತ್ತು. ಅದನ್ನು ಪಠ್ಯದಲ್ಲೇ ಓದುತ್ತೇವೆ. ಎರಡನೆಯದನ್ನು ಹಿರಿಯರ ಬಾಯಿಂದಷ್ಟೇ ಕೇಳುತ್ತೇವೆ. ನೀರಾವರಿಯಿಂದ ಭೂಮಿ ಸುಧಾರಿಸಿದೆ, ಅದರ ಬೆಲೆ ಏರಿದೆ, ಆದ್ದರಿಂದ ಸುಧಾರಣಾ ಕರ ಕಟ್ಟಿರಿ ಎಂದು ಸರಕಾರ ಹೇಳಿತು. ನೀರು ಮುಟ್ಟದ ಹೊಲಕ್ಕೂ ಕರ, ಜವಳಾಗಿ ಕೆಟ್ಟ ಹೊಲಕ್ಕೂ ಕರ. ಹತ್ತಿಯ ಬೆಲೆಯೂ ಬಿದ್ದಿತ್ತು. ಜುಲೈ 21ರಂದು ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದ ಕಡೆ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಆ ದಿನ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ಚಳವಳಿ ರಾಜ್ಯವೆಲ್ಲ ಹಬ್ಬಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನರಗುಂದದ ವೀರಗಲ್ಲಿಗೆ ಇಂದಿಗೂ ಜುಲೈ 21ಕ್ಕೆ ಮಾಲೆ ಬೀಳುತ್ತದೆ. ಈ ಬಂಡಾಯಕ್ಕೆ ಕಾರಣ ಸವಳೊಂದೇ ಎಂದು ನಾನು ಹೇಳುವುದಿಲ್ಲ. ಕರ, ಬೆಲೆ, ಅಧಿಕಾರಿಗಳ ನಡತೆ ಎಲ್ಲ ಸೇರಿತ್ತು. ಆದರೆ ಸುಧಾರಣೆ ಎಂಬ ಶಬ್ದ ಕೇಳಿದಾಗ ಕೆಟ್ಟ ಹೊಲದ ರೈತನಿಗೆ ಸಿಟ್ಟು ಬಂದದ್ದು ಯಾಕೆ ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ.

ನಮ್ಮ ಹುಡುಗರು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: ಮಣ್ಣಿನಲ್ಲಿ ಕ್ಷಾರ ಹೆಚ್ಚಾದರೆ ಆಮ್ಲ ಸುರಿದರೆ ಆಯಿತಲ್ಲ ಸರ್? ಪರೀಕ್ಷೆಗೆ ಸರಿ, ಹೊಲಕ್ಕೆ ಸಾಲದು. ಕ್ಷಾರ ಭೂಮಿಗೆ ಹಾಕುವುದು ಜಿಪ್ಸಂ. ಅದು ಆಮ್ಲವಲ್ಲ, ಲವಣ: ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಹೋಗಿ ಮಣ್ಣಿನ ಕಣ ಹಿಡಿಯುತ್ತದೆ, ಸೋಡಿಯಂ ಜಾಗ ಬಿಟ್ಟು ಸೋಡಿಯಂ ಸಲ್ಫೇಟಾಗಿ ನೀರಿನಲ್ಲಿ ಕರಗುತ್ತದೆ. ಆ ನೀರು ಹೊಲದಿಂದ ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕುವುದು ದುಡ್ಡು ಕಳೆದುಕೊಂಡಂತೆ. ಮಹದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ರೈತರು ಧರಣಿ ಕೂತರು. ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ನೀರು ಕೇಳುವ ಅರ್ಜಿಯಲ್ಲಿಯೇ ಬಸಿಗಾಲುವೆಯನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

2019ರ ಸುಮಾರಿಗೆ ನರಗುಂದ ಪಟ್ಟಣದ ಓಣಿಗಳಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿಯತೊಡಗಿದ್ದು ನೆನಪಿರಬಹುದು. ಮನೆಗಳ ಅಡಿ ಹಳೆಯ ಹಗೇವುಗಳಿದ್ದವು, ಅಂತರ್ಜಲ ಏರಿ ಅವುಗಳ ಗೋಡೆ ತೊಯ್ದು ಜರಿದವು ಎಂದು ಹೇಳಲಾಯಿತು. ಅಜ್ಜಂದಿರು ಒಣ ನೆಲವೆಂದು ನಂಬಿ ಜೋಳ ಇಟ್ಟ ಜಾಗಕ್ಕೇ ನೀರು ಬಂದಿತ್ತು.

ಈ ಸಂಚಿಕೆ ಓದುವ ಒಕ್ಕಲಿಗ ಬಂಧುಗಳಿಗೂ ಇಂದಿನ ವಿದ್ಯಾರ್ಥಿಗಳಿಗೂ ಒಂದು ಕೆಲಸದ ಮಾತು. ಬೆಳೆ ತೆಗೆದ ಮೇಲೆ, ಗೊಬ್ಬರ ಹಾಕುವ ಮೊದಲು, ಬದು ಮತ್ತು ತಿಪ್ಪೆಯ ಜಾಗ ಬಿಟ್ಟು, ಹೊಲದ ಏಳೆಂಟು ಕಡೆ ಗೇಣುದ್ದ ತೆಗ್ಗು ತೋಡಿ ಮಣ್ಣು ತೆಗೆಯಿರಿ. ಎಲ್ಲ ಕೂಡಿಸಿ ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಚೀಲಕ್ಕೆ ಹಾಕಿ, ಹೆಸರು, ಸರ್ವೆ ನಂಬರು ಬರೆದು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ಮಣ್ಣು ಪರೀಕ್ಷೆ ಕೇಂದ್ರಕ್ಕೋ ಒಯ್ಯಿರಿ. ಚೀಟಿ ಬಂದ ಮೇಲೆ ಪಿಎಚ್ ಎಂಬ ಕಡೆ ಎಷ್ಟಿದೆ ಎಂದು ಮೊದಲು ನೋಡಿರಿ. ಅದನ್ನು ಓದಿ ಹೇಳಲು ಹತ್ತನೇ ತರಗತಿಯ ಹುಡುಗ ಅಥವಾ ಹುಡುಗಿ ಮನೆಯಲ್ಲಿಯೇ ಇರುತ್ತಾರೆ.